ಹೊಳೆಯಾಚೆಯ ಹಂಡೆ

ಚುನಾವಣೆಯ ದಿನ ಬೆಳಿಗ್ಗೆ ಲೋವೆಲ್ ಪ್ರೂಯಿಟ್‌ನ ನೆಮ್ಮದಿ ಕೆಡಿಸಿದ್ದು ಎದುರಾಳಿ ಗ್ಲೆನ್ನಾ ಅಲ್ಲ, ಸ್ವಂತ ಬಾಮೈದ ಡಾಯ್ಲ್. ಭಾವ ಮೂರನೇ ಸಲವೂ ಕೌಂಟಿ ಜಡ್ಜ್ ಆಗಲೇಬೇಕೆಂದು ಅವನು ಮತಗಟ್ಟೆಯಿಂದ ಕೂಗಳತೆ ದೂರದ ಬಯಲಿನಲ್ಲಿ ಸೌದೆ ಒಟ್ಟಿ, ಬರ್ಗೂಗೆ ಹಂಡೆ ಏರಿಸಿಬಿಟ್ಟಿದ್ದ. ಕೋಳಿ, ಕುರಿ, ಜೋಳ, ಬೆಂಡೆ ಎಲ್ಲ ಬಿದ್ದು ದಿನವಿಡೀ ಕುದಿಯುವ ಸಾರು ಅದು. ನಮ್ಮ ಕೆಂಟಕಿಯಲ್ಲಿ ಬರ್ಗೂ ಇಲ್ಲದ ಚುನಾವಣೆ ಅಂದರೆ ಊಟವಿಲ್ಲದ ಮದುವೆ.

ತೊಂದರೆ ಇದ್ದದ್ದು ಬೆಂಕಿಯಲ್ಲಿ. ನಮ್ಮ ಕೌಂಟಿ ಜಡ್ಜ್ ಕೋರ್ಟಿನಲ್ಲಿ ಕೂತು ತೀರ್ಪು ಕೊಡುವವನಲ್ಲ. ರಸ್ತೆಯ ಗುಂಡಿ, ಮುರಿದ ಸೇತುವೆ, ಪಕ್ಕದ ಮನೆಯ ನಾಯಿ, ಎಲ್ಲ ಅವನ ತಲೆಗೇ. ಕಾಡು ಒಣಗಿದೆ, ಬಯಲಲ್ಲಿ ಯಾರೂ ಬೆಂಕಿ ಹಾಕಕೂಡದು ಅಂತ ಲೋವೆಲ್ ಆಜ್ಞೆ ಹೊರಡಿಸಿ ನಾಲ್ಕೇ ದಿನ ಆಗಿತ್ತು.

ಅವನು ಓಡಿಬಂದಾಗ ಬೆಂಕಿ ಆರಿಸುವ ದಳದವರು ಆಗಲೇ ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು. ಗ್ಲೆನ್ನಾ ಹೊಗೆಯ ಫೋಟೊ ತೆಗೆಯುತ್ತಿದ್ದಳು. ಸುತ್ತ ಸೇರಿದವರೆಲ್ಲ ಕೇಳದೆಯೇ ಬುದ್ಧಿ ಹೇಳುತ್ತಿದ್ದರು.

"ಆರಿಸೋ ಮಾರಾಯ. ನನ್ನ ಆಜ್ಞೆ ನಾನೇ ಮುರಿದೆ ಅಂತ ಊರೆಲ್ಲ ಸಾರ್ತಾಳೆ," ಅಂದ ಲೋವೆಲ್.

"ಆರಿಸಿದ್ರೆ ಹಸಿದೋರು ವೋಟ್ ಹಾಕ್ತಾರಾ ಭಾವ? ನಿಮ್ಮ ಆಜ್ಞೆ ಹೊಳೆವರೆಗೆ ತಾನೆ? ಸೇತುವೆ ದಾಟಿದ್ರೆ ಬೇರೆ ಕೌಂಟಿ, ಬೇರೆ ಜಡ್ಜ್."

ಬಾಮೈದನಿಗೂ ಬುದ್ಧಿ ಇದೆ ಅಂತ ಲೋವೆಲ್‌ಗೆ ಹದಿನೆಂಟು ವರ್ಷದಲ್ಲಿ ಮೊದಲ ಸಲ ಅನ್ನಿಸಿತು. ಹಂಡೆ ಟ್ರೇಲರ್ ಏರಿತು. ಸೇತುವೆಯ ಗುಂಡಿಗೆ ಚಕ್ರ ಇಳಿದು ಕಾಲು ಭಾಗ ಸಾರು ಲೋವೆಲ್‌ನ ಒಳ್ಳೆಯ ಪ್ಯಾಂಟಿನ ಮೇಲೆ ಚೆಲ್ಲಿತು. ಆ ಗುಂಡಿ ಮುಚ್ಚಿಸುವುದೂ ಅವನದೇ ಕೆಲಸವಾಗಿತ್ತು, ಅದನ್ನು ಬಿಡಿ.

ಆಚೆ ದಡದ ಚರ್ಚಿನ ಅಂಗಳದಲ್ಲಿ ಹೊಸದಾಗಿ ಬೆಂಕಿ ಹೊತ್ತಿಸಿದರು. ಲೋವೆಲ್‌ನ ಕಡೆಯವರು ನಲವತ್ತು ಜನ ಹಿಂದೆಯೇ ಬಂದರು. ಮೊದಲು ಊಟ, ಆಮೇಲೆ ಮೆರವಣಿಗೆಯಲ್ಲಿ ಹೋಗಿ ವೋಟು ಅಂತ ಡಾಯ್ಲ್ ಅಪ್ಪಣೆ ಕೊಟ್ಟ. ಗ್ಲೆನ್ನಾಳ ಕಡೆಯವರಿಗೆ ಎದುರಾಳಿಯ ಸಾರು ಕುಡಿಯಲು ನಾಚಿಕೆ. ಅವರು ಈಚೆಯೇ ಉಳಿದು ವೋಟು ಹಾಕಿ ಮನೆಗೆ ಹೋದರು.

ಸಾರು ಬೇಯುವಷ್ಟರಲ್ಲಿ ಸಂಜೆಯಾಯಿತು. ಲೋವೆಲ್ ತಾನೇ ಸೌಟು ಹಿಡಿದು ಬಡಿಸಿದ. ಗೆದ್ದೇಬಿಟ್ಟೆ ಅಂತ ಅವನ ಎದೆ ಉಬ್ಬಿತ್ತು. ಚರ್ಚಿನ ಗಡಿಯಾರ ಐದು ಹೊಡೆದಾಗ, ಮತಗಟ್ಟೆ ಮುಚ್ಚುವುದು ಆರಕ್ಕೆ, ನಿಧಾನವಾಗಿ ಉಣ್ಣಿ ಅಂದ. ಅಷ್ಟರಲ್ಲಿ ಹೆಂಡತಿ ಓಪಲ್‌ಳ ಫೋನು.

"ಎಲ್ಲಿದ್ದೀರಿ? ಇಲ್ಲಿ ಬಾಗಿಲು ಹಾಕಿದ್ರು."

"ಐದಕ್ಕೇ ಹೇಗೆ ಹಾಕ್ತಾರೆ?"

"ಐದು ಆ ದಡದಲ್ಲಿ ಕಣ್ರೀ. ಈ ದಡದಲ್ಲಿ ಆರು."

ಕಾಲವಲಯದ ಗಡಿ ಈ ಹೊಳೆಯ ಮೇಲೆಯೇ ಹಾದುಹೋಗುವುದರಿಂದ ಹೊಳೆಯಾಚೆಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ನಮ್ಮಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಮೂಗಿನ ತುಂಬ ಬರ್ಗೂ ವಾಸನೆ ಇರುವಾಗ ಯಾರಿಗೆ ನೆನಪಾಗುತ್ತದೆ? ಫೋನುಗಳೂ ಸೇತುವೆ ದಾಟಿದ ಕೂಡಲೇ ಅತ್ತಲಿನ ಹೊತ್ತನ್ನೇ ತೋರಿಸತೊಡಗಿದ್ದವು.

ಮುಕ್ಕಾಲು ಗಂಟೆಯಲ್ಲಿ ಫಲಿತಾಂಶ ಬಂತು. ಲೋವೆಲ್ ಒಂಬತ್ತು ವೋಟಿನಿಂದ ಸೋತಿದ್ದ. ಎಂಟು ವರ್ಷದ ಕುರ್ಚಿ ಹೋಯಿತಲ್ಲ ಅಂತ ಅವನಿಗೆ ನಿಜವಾಗಿಯೂ ಅಳು ಬಂತು.

ಆ ದಡದವಳೇ ಆದ ಒಬ್ಬ ಅಜ್ಜಿ ಮೂರನೇ ಬಟ್ಟಲು ಮುಗಿಸಿ, ಬಾಯೊರೆಸಿಕೊಂಡು ಎದ್ದಳು. "ಬೇಜಾರು ಮಾಡ್ಕೋಬೇಡಿ ಜಡ್ಜ್ ಸಾಹೇಬ್ರೇ. ನೀವು ಈ ಕಡೆ ನಿಂತಿದ್ರೆ ನಾವೆಲ್ಲ ನಿಮಗೇ ಹಾಕ್ತಿದ್ವಿ. ಬರ್ತೀನಿ, ನಮ್ಮ ಮತಗಟ್ಟೆ ಮುಚ್ಚೋಕೆ ಇನ್ನೂ ಕಾಲು ಗಂಟೆ ಇದೆ."