ಎಳ್ಳುನೀರು ಕಾಣದ ದೊಡ್ಡಪ್ಪ

ಕಾಣೆಯಾದ ಸಿಪಾಯಿಯನ್ನು ಹುಡುಕಲು ಅಮ್ಮನ ಜೊತೆ ಹೊರಟರೆ ಈಗ ಹೇಳಹೊರಟಂಥವು ಆಗುತ್ತಲೇ ಇರುತ್ತವೆ. ಸಿಪಾಯಿ ಅಂದರೆ ಅಮ್ಮನ ದೊಡ್ಡಪ್ಪ. ಎರಡನೇ ಮಹಾಯುದ್ಧಕ್ಕೆ ಮೈಸೂರಿನಿಂದ ಸಿಂಗಪುರಕ್ಕೆ ಹೋಗಿ ಜಪಾನಿಯರಿಗೆ ಸೆರೆಸಿಕ್ಕವರು. ಅಲ್ಲಿಂದ ನ್ಯೂಗಿನಿಗೆ ಸಾಗಿಸಿದರಂತೆ, ಅಷ್ಟೇ ಸುದ್ದಿ. ಸತ್ತಿದ್ದನ್ನು ಕಂಡವರು ಬಂದು ಹೇಳುವ ತನಕ ಅವನ ಹೆಸರಿಗೆ ಎಳ್ಳುನೀರು ಬಿಡಕೂಡದೆಂದು ಅಜ್ಜ ಕಟ್ಟಪ್ಪಣೆ ಮಾಡಿಹೋಗಿದ್ದರು. ಹಾಗಾಗಿ ಪ್ರತಿ ಮಹಾಲಯಕ್ಕೂ ಹಿರಿಯರೆಲ್ಲರ ಹೆಸರು ಹೇಳಿ ಅವರೊಬ್ಬರನ್ನು ಬಿಡುತ್ತಿದ್ದೆವು. ತಾನು ಕಣ್ಣು ಮುಚ್ಚುವುದರೊಳಗೆ ಆ ಹೆಸರು ಹೇಳಿಸಬೇಕೆಂದು ಅಮ್ಮನ ಹಠ. ಮಕ್ಕಳು ನಾವು ಮೂವರೂ ಆಸ್ಟ್ರೇಲಿಯಾದಲ್ಲಿ, ನ್ಯೂಗಿನಿಯ ಸೆರೆಯಾಳುಗಳನ್ನು ಬಿಡಿಸಿದ್ದೂ ಆಸ್ಟ್ರೇಲಿಯಾದ ಸೈನಿಕರು. ಇನ್ನೇನು ಬೇಕು ಅಂದಳು.

ಪರ್ತ್

ತಮ್ಮನ ಊರು. ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ ಬೆಳಗಿನ ಜಾವಕ್ಕೇ ಗುಡ್ಡದ ಮೇಲೆ ಸಾವಿರಾರು ಜನ. ಮುತ್ತಜ್ಜಂದಿರ ಪದಕ ತೊಟ್ಟ ಮಕ್ಕಳು ಕೂಡ ಉಸಿರೆತ್ತದೆ ನಿಂತಿದ್ದರು. ಇಷ್ಟು ಜನ ಇಷ್ಟು ಸುಮ್ಮನಿರುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇವರಿಗೆಲ್ಲ ಯಾರು ಎಳ್ಳುನೀರು ಬಿಟ್ಟಿದ್ದಾರೆ ಎಂದು ಅಮ್ಮ ಮರುಗಿ, ಫ್ಲಾಸ್ಕಿನ ನೀರನ್ನು ತಮ್ಮನ ಕೈಯಿಂದ ಬಿಡಿಸಿಯೇಬಿಟ್ಟಳು. ಸ್ವಯಂಸೇವಕನೊಬ್ಬ ಒದ್ದೆ ನೆಲ ನೋಡಿ, ಜಾರೀತು ಎಂಬ ಹಳದಿ ಎಚ್ಚರಿಕೆ ಫಲಕ ತಂದಿಟ್ಟ.

ಅಮ್ಮನಿಗೆ ಕಣ್ಣು ತುಂಬಿತು. ಪಿತೃಗಳು ಜಾರಿ ಬೀಳಬಾರದು ಅಂತ ಎಷ್ಟು ಕಾಳಜಿ ನೋಡೋ ಅಂದಳು.

ಅಡಿಲೇಡ್

ಅಕ್ಕನ ಮನೆ ಮಾಸನ್ ಲೇಕ್ಸ್‌ನಲ್ಲಿ. ಸಿಟಿಯಲ್ಲಿ ಹಳೇ ಯುದ್ಧದ ಫೋಟೋಗಳ ಪ್ರದರ್ಶನವಿದೆ ಎಂದು ಟ್ರೇನಿನಲ್ಲಿ ಕರೆದುಕೊಂಡು ಹೋದಳು. ಬಿಡುಗಡೆಯಾದ ಭಾರತೀಯ ಸೆರೆಯಾಳುಗಳ ಚಿತ್ರವೊಂದಿತ್ತು. ಬರೀ ಮೂಳೆ, ಆದರೂ ಎದೆ ಸೆಟೆದು ನಿಂತಿದ್ದರು.

ದೊಡ್ಡಪ್ಪನ ಮುಖ ಅಮ್ಮ ಕಂಡವಳಲ್ಲ, ಆದರೆ ತವರಿನವರ ಅಗಲ ಕಿವಿ ಗೊತ್ತು. ಇವರೇ ಅಂದಳು. ಆಮೇಲೆ ಪಕ್ಕದವರೂ ಅವರೇ ಆದರು, ಹಿಂದಿನ ಸಾಲಿನಲ್ಲೂ ಒಬ್ಬರು ಸಿಕ್ಕರು. ಕೊನೆಗೆ ದೊಡ್ಡ ಪಗಡಿ ಸುತ್ತಿದ ಸರ್ದಾರ್ಜಿಯ ಮೇಲೆ ಬೆರಳಿಟ್ಟಳು.

"ಅವರ ಕಿವಿನೇ ಕಾಣ್ತಿಲ್ವಲ್ಲಮ್ಮ" ಅಂದಳು ಅಕ್ಕ.

"ಒಳಗಿದೆ ಕಣೇ."

ಬ್ರಿಸ್ಬೇನ್

ನಾನಿರುವುದು ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ. ಒಂದು ಭಾನುವಾರ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ, ಇಟ್ಟುಕೊಂಡು ಪಕ್ಕದ ಮನೆಯ ಆಸ್ಟ್ರೇಲಿಯನ್ ಹಿರಿಯರೊಬ್ಬರನ್ನು ಕರೆದಿದ್ದೆ. ಅಮ್ಮ ಅವರಿಗೂ ಮೊಸರನ್ನ ಬಡಿಸಿದಳು. ಅವರು ಲೋಟದಿಂದ ಎಡಗೈಗೆ ನೀರು ಹಾಕಿಕೊಂಡು ಊಟಕ್ಕೆ ಮೊದಲು ನಮ್ಮವರು ಮಾಡುವಂತೆ ತಟ್ಟೆಯ ಸುತ್ತ ಕಟ್ಟಿದರು, ಅದೂ ಉಲ್ಟಾ ದಿಕ್ಕಿನಲ್ಲಿ. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ದೊಡ್ಡಪ್ಪ ಎಡಚರಂತೆ. ನೀರು ಕಟ್ಟುವಾಗ ಹೀಗೇ ಉಲ್ಟಾ ಸುತ್ತಿ ದಿನಾ ಏಟು ತಿಂದರೂ ಬದಲಾಗಲಿಲ್ಲವಂತೆ. ಅಮ್ಮ ಅದನ್ನು ಆಗಲೇ ನನ್ನ ಕಿವಿಯಲ್ಲಿ ಹೇಳಿದಳು.

ನಾನು ಹಿರಿಯರನ್ನು ಕೇಳಿದೆ. ಇರುವೆ ಬರದಿರಲು ಅಪ್ಪ ಕಲಿಸಿದ್ದು ಅಂದರು. ಅವರಪ್ಪ ನ್ಯೂಗಿನಿಯ ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಬಿಡುಗಡೆಯಾಗಿ ಬಂದ ಮೈಸೂರಿನ ಎಡಚನೊಬ್ಬನನ್ನು ಕೊನೆಯವರೆಗೂ ನೋಡಿಕೊಂಡು, ತಾವೇ ಮಣ್ಣು ಮಾಡಿದರು. ಅವನ ನೆನಪಿಗೆ ಬದುಕಿರುವ ತನಕ ಎಡಗೈಯಲ್ಲೇ ನೀರು ಸುತ್ತಿದರು.

ಮನೆಯಲ್ಲಿ ಬೈಸಿಕೊಂಡ ತಪ್ಪೊಂದನ್ನು ಎಲ್ಲಿಯವರೋ ಎರಡು ತಲೆಮಾರು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದರು.

ಕನ್ನಡದಲ್ಲಿ ಹೇಳಿದಾಗ ಅಮ್ಮ ಅವರ ಕೈ ಹಿಡಿದು ಕೂತಳು. ಆಮೇಲೆ, "ದೊಡ್ಡಪ್ಪ ಹಸ್ಕೊಂಡೇ ಹೋದ್ರಾ ಕೇಳೋ" ಅಂದಳು.

ಇಲ್ಲ, ಕೊನೆಯ ದಿನವೂ ಎರಡನೇ ಸಲ ಕೇಳಿ ಹಾಕಿಸಿಕೊಂಡು ಹೊಟ್ಟೆತುಂಬ ಉಂಡ ಅಂದರು. ಏನು ಉಂಡ ಅಂದರೆ, ಅನ್ನ ಮತ್ತು ಬುಲ್ಲಿ. ಬುಲ್ಲಿ ಅಂದರೆ ಸೈನಿಕರ ಡಬ್ಬಿಯ ದನದ ಮಾಂಸ. ಅಮ್ಮ ನನ್ನ ಮುಖ ನೋಡಿದಳು. ಒಂದು ಥರ ಗೊಜ್ಜು ಕಣಮ್ಮ ಅಂದೆ.

"ಹೇಗೆ ಮಾಡೋದು ಕೇಳ್ಕೋ. ಮಹಾಲಯಕ್ಕೆ ಅವರಿಗೆ ಅದನ್ನೇ ಬಡಿಸ್ತೀನಿ."

ಏನಂತೆ ಎಂದು ಹಿರಿಯರು ಕೇಳಿದರು. ಹೇಳಿದೆ. ಅವರು ಅಮ್ಮನ ಕೈ ಒತ್ತಿ, ಮಾಡುವ ಕಷ್ಟ ಬೇಡ, ಎಷ್ಟು ಡಬ್ಬಿ ಬೇಕೋ ನಾನೇ ತರುತ್ತೇನೆ ಅಂದರು.