ಬಾನೆಟ್ಟಿನೊಳಗಿನ ತಂಬೂರಿ

ಅಚ್ಚುಕಟ್ಟುತನ ನನಗೆ ಹುಟ್ಟಿನಿಂದಲೇ ಬಂದ ಗುಣ. ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ವತ್ಸಲಾ ಇದನ್ನು ಕಾಯಿಲೆ ಎನ್ನುತ್ತಾಳೆ. ವಿಮಾ ಆಫೀಸಿನಲ್ಲಿ ನಾನು ಕಟ್ಟಿಟ್ಟ ಫೈಲಿನ ದಾರ ಬಿಚ್ಚಲು ನಮ್ಮ ಮ್ಯಾನೇಜರು ಕತ್ತರಿ ತರಿಸುತ್ತಿದ್ದರು. ಅಂಥ ಮನುಷ್ಯ ತನ್ನ ಕಾರಿಗೆ ತಾನೇ ಆಂಪ್ಲಿಫೈಯರ್ ಕೂಡಿಸಲು ಹೊರಟರೆ ಕೆಲಸ ಹೇಗಿರಬೇಡ!

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮದರಾಸು ಚೆನ್ನೈ ಆಗಿತ್ತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಆಗಿರಲಿಲ್ಲ. ವತ್ಸಲಾ ದೇವರನಾಮ ಹಾಡುತ್ತಾಳೆ, ಚೆನ್ನಾಗಿಯೇ ಹಾಡುತ್ತಾಳೆ. ಆದರೆ ಡಿಸೆಂಬರಿನ ಸಂಗೀತೋತ್ಸವ ಬಂದರೆ ಕ್ಯಾಂಟೀನಿನಲ್ಲಿ ವಡೆ ತಿನ್ನುವವರೂ ರಾಗ ಗುರುತಿಸುವ ಊರಿನಲ್ಲಿ ವೇದಿಕೆ ಸಿಗುವುದೆಂದರೆ ಹುಡುಗಾಟವೇ? ಅಷ್ಟು ವರ್ಷವೂ ಅವಳು ಹಾಡಿದ್ದು ಅಡಿಗೆಮನೆಯಲ್ಲಿ, ಬಿಟ್ಟರೆ ನವರಾತ್ರಿಯಲ್ಲಿ ಅವರಿವರ ಮನೆಯ ಗೊಂಬೆಗಳ ಮುಂದೆ. ಗೊಂಬೆಗಳು ಚಪ್ಪಾಳೆ ತಟ್ಟುವುದಿಲ್ಲ.

ಆ ವರ್ಷ ಬೆಸೆಂಟ್ ನಗರದ ಒಂದು ಸಣ್ಣ ಕನ್ನಡ ಸಭಾದವರು ಮಧ್ಯಾಹ್ನದ ಕಛೇರಿಗೆ ಹೊಸಬರನ್ನು ಹುಡುಕುತ್ತಿದ್ದರು. ಅದರ ಕಾರ್ಯದರ್ಶಿ ಸೇತುರಾಯರು ಮೂರು ತಲೆಮಾರಿನಿಂದ ಮದರಾಸಿನವರು. ಶ್ರುತಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ವತ್ಸಲಾ ಹೆದರುತ್ತಲೇ ಫೋನ್ ಮಾಡಿದಳು.

“ಕ್ಯಾಸೆಟ್ಟು ತಂದು ಕೊಡ್ಬೇಡಮ್ಮಾ. ಮನೇಲಿ ಮೂಟೆ ಮೂಟೆಯಾ ಇದೆ, ಕೇಳೋದಕ್ಕೆ ಟೈಮೇ ಇಲ್ಲ,” ಎಂದರು ಸೇತುರಾಯರು. “ಸಂಡೇ ತಿರುವೊಟ್ಟಿಯೂರಲ್ಲಿ ಮೊಮ್ಮಗಳ ನಾಮಕರಣ. ನಿಮ್ಮ ಯಜಮಾನರ ಹತ್ರ ಕಾರ್ ಇದೆ ತಾನೇ? ಕರ್ಕೊಂಡು ಹೋಗಿ ಬಿಡಕ್ಕೆ ಹೇಳು. ದಾರೀಲಿ ನಿನ್ನ ಕ್ಯಾಸೆಟ್ಟು ಹಾಕು, ಕಣ್ಣು ಮುಚ್ಕೊಂಡು ಕೇಳ್ತೀನಿ. ಶ್ರುತಿ ಸರಿಯಾ ಇದ್ರೆ ಚಾನ್ಸು. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬಾರ್ದು, ಆಮಾ, ಈಗ್ಲೇ ಹೇಳ್ಬಿಟ್ಟೆ!”

ಹೀಗೆ ನನ್ನ ಹೆಂಡತಿಯ ಸಂಗೀತದ ಭವಿಷ್ಯ ನಮ್ಮ ಚಿಕ್ಕ ಬಿಳಿ ಕಾರಿನ ಸ್ಪೀಕರುಗಳ ಮೇಲೆ ಬಂದು ನಿಂತಿತು. ಆ ಸ್ಪೀಕರುಗಳಲ್ಲಿ ಯಾರೇ ಹಾಡಿದರೂ ಕೊಡದೊಳಗೆ ತಲೆಯಿಟ್ಟು ಹಾಡಿದ ಹಾಗೆ ಕೇಳುತ್ತಿತ್ತು. ನಾನು ತಡಮಾಡದೆ ಹೊಸ ಸ್ಪೀಕರು, ಆಂಪ್ಲಿಫೈಯರು, ಒಂದು ಸುರುಳಿ ದಪ್ಪ ಕೆಂಪು ವಯರು, ಎಲ್ಲವನ್ನೂ ತಂದೆ.

“ಅಂಗಡಿಯವರ ಕೈಲೇ ಹಾಕಿಸ್ಬಾರ್ದಾ ರೀ?” ಎಂದಳು ವತ್ಸಲಾ.

“ಅವರು ಹಾಕಿರೋದನ್ನ ನೋಡಿದ್ದೀಯಾ? ಬಾನೆಟ್ ಎತ್ತಿದ್ರೆ ಬ್ಯಾಟರಿಯಿಂದ ವಯರು ಕರುಳು ಕಿತ್ತು ಬಂದ ಹಾಗೆ ನೇತಾಡ್ತಿರತ್ತೆ. ನಾನು ಹಾಕ್ತೀನಿ ನೋಡು. ಅಲ್ಲೊಂದು ವಯರು ಇದೆ ಅಂತ ಬ್ಯಾಟರಿಗೇ ಗೊತ್ತಾಗ್ಬಾರ್ದು!”

“ಗೊತ್ತಾಗ್ದಿದ್ರೆ ಅದು ಕರೆಂಟು ಹೇಗೆ ಕೊಡತ್ತೆ?”

ನಾನು ಸ್ಕ್ರೂಡ್ರೈವರ್ ಹುಡುಕಲು ಹೋದೆ.

ಶನಿವಾರ ಬೆಳಿಗ್ಗೆ ಶುಭಕಾರ್ಯ ಆರಂಭವಾಯಿತು. ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ತಗಡಿನ ಗೋಡೆಯೊಂದಿದೆ. ಅದರಲ್ಲಿ ರಬ್ಬರು ಸುತ್ತಿದ ಒಂದು ತೂತು. ಬ್ಯಾಟರಿಯ ವಯರು ಅದರ ಮೂಲಕ ಒಳಗೆ ಬಂದು, ಹಿಂದೆ ಡಿಕ್ಕಿಯಲ್ಲಿರುವ ಆಂಪ್ಲಿಫೈಯರಿಗೆ ಹೋಗಬೇಕು. ನಾನು ಹೊರಗಿನಿಂದ ತಳ್ಳುವುದು, ವತ್ಸಲಾ ಒಳಗೆ ಕೂತು ತುದಿ ಹಿಡಿಯುವುದು ಎಂದು ಏರ್ಪಾಡಾಯಿತು.

“ಬಂತಾ?”

“ಇಲ್ಲ.”

“ಈಗ?”

“ಇಲ್ಲ ರೀ. ಎಷ್ಟು ತಳ್ಳಿದ್ರಿ?”

“ಅರ್ಧ ಸುರುಳಿ ಹೋಯ್ತು! ಈ ಕಾರಿನ ಹೊಟ್ಟೆ ಎಷ್ಟು ದೊಡ್ಡದು ಮಾರಾಯ್ತಿ!”

ಆಗ ಮಹಡಿಯ ಮೇಲಿನಿಂದ ನಂಜುಂಡಯ್ಯನವರ ದನಿ ಕೇಳಿಸಿತು. ಅವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರ ಮುಖ್ಯ ಉದ್ಯೋಗ ನಮ್ಮ ಅಂಗಳವನ್ನು ನೋಡುವುದು.

“ಏನ್ರೀ, ನಿಮ್ಮ ಮುಂದಿನ ಚಕ್ರದ ಸಂದೀಲಿ ಕೆಂಪಗೆ ಏನೋ ಹೊರಗೆ ಬರ್ತಿದೆಯಲ್ರೀ! ಹಾವಿನ ಮರಿಯಾ?”

ಬಗ್ಗಿ ನೋಡಿದರೆ ನನ್ನ ಅರ್ಧ ಸುರುಳಿ ವಯರು ಚಕ್ರದ ಪಕ್ಕದಲ್ಲಿ ಆರಾಮವಾಗಿ ಮಲಗಿತ್ತು. ತೂತು ಬೇರೆಯಾಗಿತ್ತು! ಸರಿಯಾದ ತೂತಿಗೆ ಪೊರಕೆಕಡ್ಡಿ ತುರುಕಿದೆ, ಮುರಿಯಿತು. ವತ್ಸಲಾಳ ಕ್ರೋಶೆ ಕಡ್ಡಿ ತುರುಕಿದೆ, ಬಾಗಿತು. ಕೊನೆಗೆ ಬಟ್ಟೆ ತೂಗುಹಾಕುವ ಹ್ಯಾಂಗರನ್ನು ನೆಟ್ಟಗೆ ಮಾಡಿ, ಅದರ ತುದಿಗೆ ವಯರು ಕಟ್ಟಿ, ಹರಳೆಣ್ಣೆ ಸವರಿ, ಕುಲದೇವರನ್ನು ನೆನೆದು ತಳ್ಳಿದೆ. ಒಳಗಿನಿಂದ ವತ್ಸಲಾ “ಬಂತೂ!” ಎಂದು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಹೆರಿಗೆಯಾಯಿತೇನೋ ಎಂದು ಕಿಟಕಿ ತೆರೆದರು.

ಅಲ್ಲಿಂದ ಮುಂದೆ ನನ್ನ ಕಲೆ ಶುರುವಾಯಿತು. ಕೆಂಪು ವಯರನ್ನು ಕಾರಿನ ಸ್ವಂತ ವಯರುಗಳಂತೆಯೇ ಕಾಣುವ ಕಪ್ಪು ಕೊಳವೆಯೊಳಗೆ ಸೇರಿಸಿದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇಟ್ಟು ಅದಕ್ಕೂ ಕಪ್ಪು ಟೇಪು ಸುತ್ತಿದೆ. ಬಾನೆಟ್ಟಿನ ಅಂಚಿಗುಂಟ ಹಳೆಯ ವಯರುಗಳ ಹಿಂದೆ ಅದನ್ನು ಮಲಗಿಸಿ, ಗೇಣಿಗೊಂದು ಪ್ಲಾಸ್ಟಿಕ್ ಪಟ್ಟಿ ಬಿಗಿದು, ಬಾಲ ಕತ್ತರಿಸಿದೆ. ಆಮೇಲೆ ನೋಡುತ್ತೇನೆ, ಕೊಳವೆ ಹೊಸದಾಗಿ ಹೊಳೆಯುತ್ತಿದೆ! ಎಣ್ಣೆ ಮೆತ್ತಿದ ಹಳೆಯ ಬಟ್ಟೆ ತಂದು ಅದನ್ನು ಒರೆಸಿ ಕೊಳಕು ಮಾಡಿದೆ. ಕಾರನ್ನು ಒರೆಸಿ ಕೊಳಕು ಮಾಡಿದ ಮಾಲೀಕ ನಮ್ಮ ಇಡೀ ಮಾಂಬಲಂ ಬಡಾವಣೆಯಲ್ಲಿ ನಾನೊಬ್ಬನೇ ಇರಬೇಕು.

ಒಳಗೂ ಅದೇ ಶಿಸ್ತು. ಟೇಪ್ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವ ಸಣ್ಣ ವಯರೊಂದಿತ್ತು. ಅದು ಒಂದು ಕಡೆ, ಇದು ಒಂದು ಕಡೆ ಯಾಕೆ ಹೋಗಬೇಕು? ಎರಡನ್ನೂ ಜೋಡಿಸಿ, ಒಂದೇ ಕಟ್ಟು ಮಾಡಿ, ಉದ್ದಕ್ಕೂ ಬಿಗಿದು, ಕಾರ್ಪೆಟ್ಟಿನ ಕೆಳಗೆ ಅಡಗಿಸಿದೆ.

ಸಂಜೆ ನಂಜುಂಡಯ್ಯನವರನ್ನು ಕರೆದು ಬಾನೆಟ್ ಎತ್ತಿದೆ. “ವಯರು ಎಲ್ಲಿದೆ ಹೇಳಿ ನೋಡೋಣ!”

ಅವರು ಟಾರ್ಚು ಹಾಕಿ, ಕನ್ನಡಕ ಬದಲಾಯಿಸಿ, ಅರ್ಧ ದೇಹ ಒಳಗಿಟ್ಟು ಹುಡುಕಿದರು. “ಸೋತೆ ಕಣ್ರೀ,” ಎಂದರು. ನನಗೆ ಅಂದು ರಾತ್ರಿ ಊಟ ಸೇರಲಿಲ್ಲ. ಹೊಟ್ಟೆಯಲ್ಲಿ ಹೆಮ್ಮೆಯೇ ತುಂಬಿತ್ತು.

ಮಲಗುವ ಮುನ್ನ, ಎಂಜಿನ್ ಆಫ್ ಇಟ್ಟುಕೊಂಡೇ ಅವಳ ಕ್ಯಾಸೆಟ್ ಹಾಕಿದೆವು. ವತ್ಸಲಾಳ ದನಿ ಕಾರಿನ ತುಂಬ ಹರಡಿಕೊಂಡಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಇದು ನಾನಾ?” ಎಂದಳು. ಮರುಕ್ಷಣವೇ ಮುಖ ಚಿಕ್ಕದಾಯಿತು. “ರೀ, ರೆಕಾರ್ಡ್ ಮಾಡುವಾಗ ಶ್ರುತಿಪೆಟ್ಟಿಗೆ ದೂರ ಇಟ್ಬಿಟ್ಟಿದ್ದೀವಿ. ಶ್ರುತಿ ಕೇಳ್ತಾನೇ ಇಲ್ಲ. ಸೇತುರಾಯರು ಅದನ್ನೇ ಮೊದಲು ನೋಡೋದು.”

“ಇಷ್ಟು ಒಳ್ಳೆ ಆಂಪ್ಲಿಫೈಯರ್ ಇರುವಾಗ ಶ್ರುತಿ ಯಾತಕ್ಕೆ?” ಎಂದೆ. ನನ್ನ ಸಂಗೀತಜ್ಞಾನ ಅಷ್ಟು.

ಭಾನುವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಕ್ಯಾಸೆಟ್ ಹಾಕಿದೆ. ಹಾಡಿನ ಜೊತೆಗೆ ‘ಕುಂಯ್‌ಯ್‌ಯ್’ ಎಂದು ಇನ್ನೊಂದು ದನಿ ಎದ್ದಿತು. ಆಕ್ಸಿಲರೇಟರ್ ಒತ್ತಿದರೆ ಕುಂಯ್ ಮೇಲಕ್ಕೆ ಹೋಯಿತು. ಬಿಟ್ಟರೆ ಕೆಳಕ್ಕೆ ಇಳಿಯಿತು. ನಂಜುಂಡಯ್ಯನವರು ಬನಿಯನ್ನಿನಲ್ಲೇ ಇಳಿದು ಬಂದರು.

“ರೈಲ್ವೇಲಿ ನಾವು ಕರೆಂಟಿನ ತಂತೀನ ಟೆಲಿಫೋನ್ ತಂತಿಯಿಂದ ದೂರ ಇಡ್ತೀವಿ ಕಣ್ರೀ. ನೀವು ಎರಡನ್ನೂ ಒಂದೇ ಹಾಸಿಗೇಲಿ ಮಲಗಿಸಿದ್ದೀರಿ! ಎಂಜಿನ್ನಿನ ಗೋಳೆಲ್ಲ ಹಾಡಿನ ವಯರಿಗೆ ಅಂಟ್ಕೊಂಡಿದೆ.”

“ಬೇರೆ ಮಾಡೋಕೆ ಎಷ್ಟು ಹೊತ್ತು ಬೇಕು?”

“ಬೇರೆ ಯಾರಾದ್ರೂ ಕಟ್ಟಿದ್ರೆ ಹತ್ತು ನಿಮಿಷ. ಕಟ್ಟಿರೋದು ನೀವಲ್ವಾ? ಅರ್ಧ ದಿನ.”

ಸೇತುರಾಯರು ಕೋಡಂಬಾಕ್ಕಂನಲ್ಲಿ ಕಾಯುತ್ತಿದ್ದರು. ಹಳೆಯ ಸ್ಪೀಕರುಗಳನ್ನು ಆಗಲೇ ಕಿತ್ತುಹಾಕಿದ್ದೆ. ಬೇರೆ ದಾರಿಯಿಲ್ಲದೆ ಹಾಡು, ಕುಂಯ್ ಎರಡನ್ನೂ ಹೊತ್ತು ಹೊರಟೆವು. ಹಿಂದಿನ ಸೀಟಿನಲ್ಲಿ ವತ್ಸಲಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಎಷ್ಟೋ ವರ್ಷ ಕಾದು ಬಂದ ಒಂದು ಅವಕಾಶವನ್ನು ನಾನು ಗೇಣಿಗೊಂದು ಪಟ್ಟಿ ಹಾಕಿ ಕಟ್ಟಿ ಕೊಂದಿದ್ದೆ. ನಿಜವಾಗಿಯೂ ಸಂಕಟವಾಯಿತು.

ಇದ್ದಕ್ಕಿದ್ದಂತೆ ಅವಳು ನನ್ನ ಭುಜ ಹಿಡಿದು ಕಿರುಚಿದಳು. “ಹಿಡೀರಿ! ಹಾಗೇ ಹಿಡೀರಿ!”

“ಏನನ್ನ?”

“ಕಾಲನ್ನ! ಅಲುಗಾಡಿಸ್ಬೇಡಿ! ಈ ಕುಂಯ್ ಈಗ ಸರಿಯಾಗಿ ನನ್ನ ಐದು ಮನೆ ಶ್ರುತಿಗೆ ಬಂದಿದೆ!”

ಕೇಳಿದೆ. ಹೌದು! ಅವಳ ಹಾಡಿನ ಕೆಳಗೆ ನನ್ನ ಎಂಜಿನ್ನು ತಂಬೂರಿಯಂತೆ ಮೊರೆಯುತ್ತಿತ್ತು. ಕ್ಯಾಸೆಟ್ಟಿನಲ್ಲಿ ಇಲ್ಲದಿದ್ದ ಶ್ರುತಿಯನ್ನು ನನ್ನ ಬಲಗಾಲು ಒದಗಿಸಿತ್ತು! ಕೂಡಲೇ ನಮ್ಮಲ್ಲಿ ಒಪ್ಪಂದವಾಯಿತು. ಅವಳು ಭುಜ ತಟ್ಟಿದರೆ ನಾನು ಆಕ್ಸಿಲರೇಟರ್ ಒತ್ತಬೇಕು. ಕಾಲರ್ ಎಳೆದರೆ ಬಿಡಬೇಕು.

ಸೇತುರಾಯರು ಜರಿಯಂಚಿನ ಪಂಚೆಯಲ್ಲಿ ಬಂದು ಮುಂದಿನ ಸೀಟಿನಲ್ಲಿ ಕೂತರು. “ಹಾಕಪ್ಪಾ,” ಎಂದು ಕಣ್ಣು ಮುಚ್ಚಿದರು. ಎದುರಿಗೇ ಕೋಡಂಬಾಕ್ಕಂ ಸೇತುವೆ! ಏರಿನಲ್ಲಿ ಹೆಚ್ಚು ಒತ್ತುವಂತಿಲ್ಲ, ಶ್ರುತಿ ಏರುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆಯುವಂತಿಲ್ಲ, ಶ್ರುತಿ ಇಳಿಯುತ್ತದೆ. ಎಂಜಿನ್ನಿನ ದನಿ ಒಂದೇ ಇರಬೇಕು, ಕಾರು ಮಾತ್ರ ನಿಲ್ಲಬೇಕು, ಓಡಬೇಕು, ತಿರುಗಬೇಕು. ಎರಡನೇ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಒತ್ತಿಕೊಂಡು, ಹೆಣ್ಣು ನೋಡಲು ಹೋದವನಂತೆ ಮೆಲ್ಲಗೆ ಚಲಿಸಿದೆ. ಕೆಂಪು ದೀಪದಲ್ಲಿ ಕಾರು ನಿಂತರೂ ಎಂಜಿನ್ನು ಅಬ್ಬರಿಸುತ್ತಲೇ ಇತ್ತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, “ಇನ್ನಾ ಸಾರ್, ರೇಸಾ?” ಎಂದ.

ಸೇತುರಾಯರ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅಂದರೆ ಕೇಳುತ್ತಿದ್ದಾರೆ! ಸೆಂಟ್ರಲ್ ದಾಟಿತು, ರಾಯಪುರಂ ದಾಟಿತು. ನಾನು ಗೆದ್ದೆ ಎಂದುಕೊಳ್ಳುವ ಹೊತ್ತಿಗೆ ಪ್ಲೇಯರು ‘ಕರ್‌ರ್’ ಎಂದು ಕ್ಯಾಸೆಟ್ಟಿನ ಟೇಪನ್ನು ಶಾವಿಗೆಯಂತೆ ನುಂಗಿಬಿಟ್ಟಿತು. ಹಾಡು ನಿಂತಿತು. ಕುಂಯ್ ಮಾತ್ರ ನಿಲ್ಲಲಿಲ್ಲ!

ಸೇತುರಾಯರು ಕಣ್ಣು ತೆರೆಯಲಿಲ್ಲ.

“ಯಾಕಮ್ಮಾ ಸುಮ್ನೆ ಕೂತಿದ್ದೀಯ? ತಂಬೂರಿ ನುಡೀತಾನೇ ಇದೆಯಲ್ಲ. ಹಾಡು!”

ವತ್ಸಲಾ ಒಂದು ಸಲ ಗಂಟಲು ಸರಿಮಾಡಿಕೊಂಡಳು. ನಿಂತ ಸಾಲಿನಿಂದಲೇ ಎತ್ತಿಕೊಂಡಳು. ನಾನು ಇಡೀ ಜೀವವನ್ನು ಬಲಗಾಲಿನ ಹೆಬ್ಬೆರಳಿಗೆ ತಂದುಕೊಂಡೆ. ಆದರೆ ಹಾಡುವವಳ ಕೈ ತಾಳ ಹಾಕದೆ ಇರುತ್ತದೆಯೇ? ಹಾಕಿದ್ದು ನನ್ನ ಭುಜದ ಮೇಲೆ! ತಟ್ಟಿದರೆ ಒತ್ತಬೇಕೆಂದು ಒಪ್ಪಂದ. ಅವಳು ತಟ್ಟಿದಳು, ನಾನು ಒತ್ತಿದೆ. ಮತ್ತೆ ತಟ್ಟಿದಳು, ಮತ್ತೆ ಒತ್ತಿದೆ. ಶ್ರುತಿ ಆಕಾಶಕ್ಕೇರಿತು, ಕಾರು ಮುಂದಿನ ಕಂಟೇನರ್ ಲಾರಿಯ ಕಡೆಗೆ ಹಾರಿತು. ಅವಳು ಹಾಡು ನಿಲ್ಲಿಸದೆಯೇ ನನ್ನ ಕಾಲರನ್ನು ಎಷ್ಟು ಬಲವಾಗಿ ಎಳೆದಳೆಂದರೆ ಮೇಲಿನ ಗುಂಡಿ ಕಿತ್ತು ಸೇತುರಾಯರ ಮಡಿಲಿಗೆ ಬಿತ್ತು.

ತಿರುವೊಟ್ಟಿಯೂರು ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ತಂಬೂರಿ ಪಾತಾಳಕ್ಕೆ ಕುಸಿಯಿತು. ಹಿಂದೆ ಲಾರಿಗಳು ಒಟ್ಟಿಗೆ ಹಾರ್ನ್ ಹೊಡೆದವು, ಒಂದೊಂದು ಒಂದೊಂದು ಶ್ರುತಿಯಲ್ಲಿ. ಎಮ್ಮೆ ನಿಧಾನವಾಗಿ ನಮ್ಮನ್ನು ನೋಡಿ, ಹೋಗಬೇಕೆನಿಸಿದಾಗ ಹೋಯಿತು. ಆ ಗದ್ದಲದಲ್ಲಿ ವತ್ಸಲಾ ಅಲುಗಾಡಲಿಲ್ಲ. ನಾನು ಮತ್ತೆ ಎಂಜಿನ್ನನ್ನು ಏರಿಸಿ ಏರಿಸಿ ಅವಳ ದನಿಯನ್ನು ಮುಟ್ಟಿದಾಗ, ಅವಳು ಬಿಟ್ಟಲ್ಲೇ, ಕೂದಲೆಳೆಯಷ್ಟೂ ಜಾರದೆ ನಿಂತಿದ್ದಳು. ಇಷ್ಟು ವರ್ಷ ಪೇಪರು ಓದುತ್ತ, ಹುಳಿಗೆ ಉಪ್ಪು ಸಾಲದೆಂದು ಹೇಳುತ್ತ ಕೇಳಿದ್ದ ಹಾಡು ಇದೇನಾ ಎಂದು ನನಗೇ ನಾಚಿಕೆಯಾಯಿತು. ಆಮೇಲೆ ಕೆಮ್ಮು ಬಂತು. ಕೆಮ್ಮು ಬಂದದ್ದು ಭಾವುಕತೆಯಿಂದಲ್ಲ, ಹೊಗೆಯಿಂದ. ಕ್ಲಚ್ಚು ಸುಟ್ಟುಹೋಗುತ್ತಿತ್ತು!

ನಾಮಕರಣದ ಮನೆಯ ಚಪ್ಪರದ ಮುಂದೆ ಕಾರು ಕೊನೆಯುಸಿರೆಳೆದು ನಿಂತಿತು. ತಂಬೂರಿಯೂ ನಿಂತಿತು. ಸೇತುರಾಯರು ಹೊಗೆಯ ನಡುವೆ ಕಣ್ಣು ಬಿಟ್ಟು, ಮಡಿಲಲ್ಲಿದ್ದ ನನ್ನ ಗುಂಡಿಯನ್ನು ಎತ್ತಿ ನನ್ನ ಕೈಗಿಟ್ಟರು.

“ಕ್ರಿಸ್‌ಮಸ್ ಆದ್ಮೇಲೆ ಒಂದು ಮಧ್ಯಾಹ್ನ ನಿಂದು, ಅಮ್ಮಾ,” ಎಂದರು. “ಎಮ್ಮೆ ಅಡ್ಡ ಬಂದ್ರೂ ಬಿಡದ ಶ್ರುತಿ! ಅದು ಪೋದುಂ ನನಗೆ, ಅಷ್ಟು ಸಾಕು.”

ವತ್ಸಲಾ ಕೈ ಮುಗಿದಳು. ನಾನು ಹಲ್ಲು ಬಿಟ್ಟುಕೊಂಡು ನಿಂತೆ, ಅವರ ಕಡೆಯಿಂದ ನನಗೂ ಒಂದು ಮಾತು ಬರಬಹುದೆಂದು. ಬಂತು.

“ತಂಬೂರಿಗೆ ಮಾತ್ರ ಬೇರೆ ಆಳು ನೋಡಮ್ಮಾ. ಕೋಡಂಬಾಕ್ಕಂ ಸೇತುವೆ ಹತ್ತೋವಾಗ್ಲೇ ನನಗೆ ಗೊತ್ತಾಯ್ತು, ಇವನ ಕಾಲಿಗೆ ನಿಧಾನ ಇಲ್ಲ.”

ಕಾರನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ವತ್ಸಲಾ ನಗುತ್ತಿದ್ದಳು, ನಡುವೆ ಅಳುತ್ತಿದ್ದಳು, ಮತ್ತೆ ನಗುತ್ತಿದ್ದಳು.

ಕಛೇರಿಯ ದಿನ ಅವಳ ಹಿಂದೆ ನಿಜವಾದ ತಂಬೂರಿ ಇತ್ತು, ನುಡಿಸಲು ನಿಜವಾದ ಮನುಷ್ಯರೂ ಇದ್ದರು. ನಾನು ಮೂರನೇ ಸಾಲಿನಲ್ಲಿ ಕೂತು ಪೇಪರಿಲ್ಲದೆ ಕೇಳಿದೆ. ಅವಳು ಮೇಲಿನ ಷಡ್ಜ ಹಿಡಿದು ನಿಂತಾಗ ಸಭೆ ಉಸಿರು ಬಿಗಿಹಿಡಿಯಿತು, ಆಮೇಲೆ ಚಪ್ಪಾಳೆ ಸುರಿಯಿತು. ನನ್ನ ಎದೆ ಉಬ್ಬಿತು. ಆಗ ನನ್ನ ಮುಂದೆಯೇ ಕೂತಿದ್ದ ಹೆಂಗಸೊಬ್ಬರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು:

“ಸ್ವಲ್ಪ ಕಾಲು ತೆಗೀತೀರಾ ಸಾರ್? ಆಗ್ಲಿಂದ ನನ್ನ ಕುರ್ಚೀನ ಒತ್ತಿ ಒತ್ತಿ ಮೊದಲನೇ ಸಾಲಿಗೆ ತಳ್ಬಿಟ್ಟಿದ್ದೀರಿ.”