ಆಗ್ನೇಯ ಅಂದ್ರ ಅಡಗಿಮನಿ

ಕಿಟಕಿಯ ಗ್ರಿಲ್‌ಗೆ ಮಾಮಾ ಕಟ್ಟಿದ್ದ ಸ್ಟೀಲ್ ತಾಟು ಕಳಚಿ, ನಾಲ್ಕು ಮಾಳಿಗೆ ಕೆಳಗೆ ಹೌಸಿಂಗ್ ಸೊಸೈಟಿ ಸೆಕ್ರೆಟರಿಯ ಬೋಳುತಲೆಯ ಮೇಲೆ ಬೀಳಬಹುದಿತ್ತು. ಸಿಡಿಲು ಅದನ್ನೇ ಹುಡುಕಿಕೊಂಡು ಬರಬಹುದಿತ್ತು. ತಾಟು ತಿರುಗಿಸಲು ಸ್ಟೂಲ್ ಹತ್ತಿದ ಮಾಮಾ ಸ್ವತಃ ಜಾರಬಹುದಿತ್ತು. ಇಷ್ಟನ್ನೂ ನಾನು ಥಾಣೆಯ ನನ್ನ ಮನೆಯಿಂದ ಡೊಂಬಿವಲಿಯ ಅವರ ಮನೆಗೆ ಹೋಗುವಾಗ ಲೋಕಲ್ ಟ್ರೇನ್‌ನಲ್ಲಿ ನಿಂತೇ ಯೋಚಿಸಿ ಮುಗಿಸುತ್ತಿದ್ದೆ. ಚಿಂತೆ ಮಾಡಲು ನನಗೆ ಸೀಟು ಬೇಕಿಲ್ಲ! ಆದರೆ ಇವು ಯಾವುವೂ ಆಗಲಿಲ್ಲ.

ಉಪಗ್ರಹದ ಜೊತೆ ಜಗಳವಾಡಿದ ಧಾರವಾಡದವರು ಯಾರಾದರೂ ಇದ್ದರೆ ಅದು ನನ್ನ ಈ ಸೋದರಮಾವ. ಆಗ ಉಪಗ್ರಹ ರೇಡಿಯೋ ಬಂದಿತ್ತು. ದಿನವಿಡೀ ಕನ್ನಡ ಹಾಡು. ಹಾಸಿಗೆ ಹಿಡಿದ ಮಾಮಿಗೆ ಅದನ್ನು ಕೇಳಿಸಬೇಕು. ಡಾಕ್ಟರು ಹೇಳಿದ ದಿನಗಳು ಹೆಚ್ಚಿರಲಿಲ್ಲ.

ಆಂಟೆನಾ ಆಗ್ನೇಯಕ್ಕೆ ಮುಖ ಮಾಡಬೇಕೆಂದು ಪುಸ್ತಿಕೆಯಲ್ಲಿತ್ತು.

"ಆಗ್ನೇಯ ಅಂದ್ರ ಅಡಗಿಮನಿ! ಬಿಲ್ಡರ್ ವಾಸ್ತು ಪ್ರಕಾರ ಕಟ್ಯಾನ," ಎಂದು ಮಾಮಾ ಅಡುಗೆಮನೆಯ ಕಿಟಕಿಯಲ್ಲೇ ಅದನ್ನು ಇಟ್ಟರು. ವೈರು ಗಿಡ್ಡ, ಹಾಗಾಗಿ ರೇಡಿಯೋ ಕೂಡ ಅಲ್ಲೇ. ಎರಡು ಸಾಲು ಹಾಡು, ನಾಲ್ಕು ಸಾಲು ಮೌನ. ಸಿಗ್ನಲ್ ಹಿಡಿಯಲೆಂದು ಆಂಟೆನಾದ ಹಿಂದೆ ಆ ತಾಟು ಕಟ್ಟಿದರು.

"ಕ್ಯಾ ಕಾಕಾ, ಥಾಲಿ ಸುಖಾ ರಹೇ ಹೋ?" ಎಂದರು ಸೆಕ್ರೆಟರಿ, ತಾಟನ್ನು ಒಣಗಲು ಹಾಕಿದ್ದಾರೆಂದುಕೊಂಡು.

ಸಿಕ್ಕ ಸಾಲನ್ನು ಬಾಯಲ್ಲಿಟ್ಟುಕೊಂಡು ಮಾಮಾ ಮಾಮಿಯ ಕೋಣೆಗೆ ಓಡುವರು, ಅವರ ಕಿವಿಯ ಬಳಿ ಅಪಸ್ವರದಲ್ಲಿ ಹಾಡುವರು, ಮತ್ತೆ ಅಡುಗೆಮನೆಗೆ ಓಡುವರು. ಅಷ್ಟರಲ್ಲಿ ಮುಂದಿನ ಸಾಲು ಹೋಗಿರುತ್ತಿತ್ತು.

"ಏನ್ರೀ, ಅರ್ಧಾ ಹಾಡು ತಂದೀರಿ. ಉಳಿದದ್ದು ಎಲ್ಲೆ ಚೆಲ್ಲಿ ಬಂದ್ರಿ?"

"ಪ್ಯಾಸೇಜಿನ್ಯಾಗ! ಒರೆಸಿ ತರ್ತೀನಿ, ತಡಿ."

ಮಾಮಿ ಕೆಮ್ಮು ಬರುವಷ್ಟು ನಗುತ್ತಿದ್ದರು.

ಮೂರು ತಿಂಗಳ ಮೇಲೆ, ತಾಟಿನ ಚಿಂತೆ ತಾಳಲಾರದೆ, ನಾನೊಂದು ದಿಕ್ಸೂಚಿ ಒಯ್ದೆ. ಅಡುಗೆಮನೆ ಇದ್ದದ್ದು ವಾಯವ್ಯಕ್ಕೆ! ಎದುರಿನ ಕಟ್ಟಡಕ್ಕೆ ಬಡಿದು ಮರಳಿದ ಚೂರುಪಾರನ್ನಷ್ಟೇ ಮಾಮಾ ಹಿಡಿಯುತ್ತಿದ್ದರು. ಆಗ್ನೇಯಕ್ಕೆ ಇದ್ದದ್ದು ಮಾಮಿಯ ತಲೆದಿಂಬಿನ ಪಕ್ಕದ ಕಿಟಕಿ.

"ಬಿಲ್ಡರನ ಮಾತು ನಂಬಿ ಕೂತಿದ್ನಲ್ಲೋ!" ಮಾಮಾ ಹಣೆ ಬಡಿದುಕೊಂಡರು.

ಆಂಟೆನಾ ಅಲ್ಲಿಟ್ಟ ಕೂಡಲೇ ಕೋಣೆ ತುಂಬ ಹಾಡು. ಒಂದು ಅಕ್ಷರವೂ ಕಡಿಯಲಿಲ್ಲ. ಮಾಮಿ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ಮಾಮಾ ಮಾಡಲು ಕೆಲಸವಿಲ್ಲದೆ ಬಾಗಿಲಲ್ಲಿ ನಿಂತಿದ್ದರು.

"ಛಂದ ಅದ," ಎಂದರು ಮಾಮಿ. ಆಮೇಲೆ ಮೆಲ್ಲಗೆ, "ಈಗ ಬಂದ್ ಮಾಡ್ರಿ. ನೀವಽ ಹಾಡ್ರಿ."

ಮಾಮಾ ರೇಡಿಯೋ ಆರಿಸಿ, ಮಂಚದ ಅಂಚಿಗೆ ಕೂತು, ಮೊದಲ ಸಾಲು ಹಾಡಿದರು. ಎಂದಿನ ಅಪಸ್ವರವೇ. ಈ ಸಲ ಪೂರ್ತಿ ಹಾಡು ಅವರಿಗೆ ಗೊತ್ತಿತ್ತು. ಓಡಬೇಕಾಗಿಯೂ ಇರಲಿಲ್ಲ.

ಎರಡನೆಯ ಸಾಲಿಗೆ ಬಾಯಿ ತೆರೆದರು. ಆದರೆ ಹಾಡಿದ್ದು ಮತ್ತೆ ಮೊದಲ ಸಾಲನ್ನೇ; ಹಾಡು ಮುಗಿಸುವ ಅವಸರ ಅವರಿಗಿರಲಿಲ್ಲ.